ಅರ್ಥ ಆಯ್ತು ಸಾರ್

ನನ್ನ ಗಂಡ ಸತ್ಯಮಿತ್ರರಿಗೆ ಒಂದು ಚಟವಿತ್ತು. ಬೀಡಿ, ಇಸ್ಪೀಟು ಯಾವುದೂ ಅಲ್ಲ, ಒಂದು ಮಾತಿನ ಚಟ. ಮುಂದೆ ಆಗಬೇಕಾದ ಯಾವ ಸಂಗತಿಯನ್ನೂ ಅವರು 'ಕರ್ತನ ಚಿತ್ತವಾದರೆ' ಎಂದು ಸೇರಿಸದೆ ಹೇಳುತ್ತಿರಲಿಲ್ಲ. ನಾಳೆ ಕರೆಂಟ್ ಬಿಲ್ ಕಟ್ತೀನಿ, ಕರ್ತನ ಚಿತ್ತವಾದರೆ. ಭಾನುವಾರ ಕೋಳಿ ತರ್ತೀನಿ, ಕರ್ತನ ಚಿತ್ತವಾದರೆ. ಒಮ್ಮೆ ಬನಶಂಕರಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ 'ಎಲ್ಲಿಗೆ ಸಾರ್' ಎಂದು ಕೇಳಿದ್ದಕ್ಕೆ 'ಜರಗನಹಳ್ಳಿಗೆ, ಕರ್ತನ ಚಿತ್ತವಾದರೆ' ಎಂದುಬಿಟ್ಟರು. 'ಅವ್ರ ಚಿತ್ತ ಆಮೇಲೆ ನೋಡೋಣ ಸಾರ್, ಮೊದ್ಲು ಡ್ರೈವರ್ ಚಿತ್ತ ಇರ್ಬೇಕು' ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು, ನನ್ನ ಗಂಡನೂ ನಕ್ಕರು. ನಾನು ಮಾತ್ರ ಅವರು ಯಾರೋ ನಾನು ಯಾರೋ ಎಂಬಂತೆ ಕಿಟಕಿಯ ಕಡೆ ತಿರುಗಿ ಕುಳಿತೆ.

ನಾನು ಹುಟ್ಟಿದ್ದು ಹನುಮಂತನಗರದ ಲಿಂಗಾಯತರ ಮನೆಯಲ್ಲಿ. ಹೆಸರು ಸರ್ವಮಂಗಳ. ಅಪ್ಪ ಗೌರೀಶಂಕರ ಬಟ್ಟೆ ವ್ಯಾಪಾರಿ. ತವರಿನಲ್ಲಿ ಅಯ್ಯನವರು ಎಂದರೆ ಪಾದಪೂಜೆಗೆ ಬರುವ ಜಂಗಮರು. ಮದುವೆಯಾಗಿ ಹೋದ ಮನೆಯಲ್ಲಿ ಅಯ್ಯನವರು ಎಂದರೆ ಬಿಳಿ ನಿಲುವಂಗಿಯ ಚರ್ಚಿನ ಪಾದ್ರಿ. ಎರಡೂ ಕಡೆಯ ಅಯ್ಯನವರಿಗೆ ನಾನು ತಲೆನೋವಾಗಿದ್ದೆ. ದೀಕ್ಷಾಸ್ನಾನದ ದಿನ ಹೊಸ ಹೆಸರು ಇಟ್ಟುಕೋಮ್ಮ ಎಂದಾಗ, 'ದೇವ್ರಿಗೆ ನಾನು ಬೇಕಿದ್ರೆ ಸರ್ವಮಂಗಳ ಅಂತಲೇ ಕರೀಲಿ' ಎಂದೆ. ಅಯ್ಯನವರ ಮುಖ ಕೆಂಪಾಯಿತು. ಸತ್ಯಮಿತ್ರ ಹಿಂದಿನ ಬೆಂಚಿನಲ್ಲಿ ಕರ್ಚೀಫು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಆ ನಗುವಿಗೆ ಮರುಳಾಗಿಯೇ ನಾನು ತವರು ಬಿಟ್ಟದ್ದು.

ಹಾಗಂತ ಅವರು ದೇವರ ಮೇಲೆ ಭಾರ ಹಾಕಿ ಕಾಲು ಚಾಚಿ ಕೂರುವವರಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ, ಗ್ಯಾಸ್ ಆಫ್ ಆಗಿದೆಯಾ ಎಂದು ನನ್ನನ್ನು ಕೇಳಿ, ನನ್ನ ಮಾತು ನಂಬದೆ ತಾವೇ ಹೋಗಿ ನೋಡಿ, ಆಮೇಲೆ 'ಇನ್ನು ಕರ್ತನ ಚಿತ್ತ' ಎನ್ನುವರು. ನಮ್ಮ ಒಬ್ಬಳೇ ಮಗಳು ಜೆರೂಷಾಗೆ ಸಣ್ಣವಳಿದ್ದಾಗ ಉಬ್ಬಸವಿತ್ತು. ಅವಳಿಗೆ ಆವಿ ಕೊಟ್ಟು, ಬೆನ್ನು ನೀವಿ, ಹೆಗಲ ಮೇಲೆ ಹೊತ್ತು ತಿರುಗಿ, ಡಾಕ್ಟರ ಮನೆ ಬಾಗಿಲು ಬಡಿದು, ಔಷಧಿ ಕುಡಿಸಿ, ಆಮೇಲೆ ಆ ಮಾತು. ನಮ್ಮ ಮನೆಯಲ್ಲಿ ಅದಕ್ಕೆ ಅರ್ಥ ಒಂದೇ: ಮನುಷ್ಯ ತನ್ನ ಕೈಲಾದ್ದೆಲ್ಲ ಮಾಡಬೇಕು, ಆಗುವುದು ಬಿಡುವುದು ದೇವರದು.

ನಾವಿರುವುದು ಜರಗನಹಳ್ಳಿಯಲ್ಲಿ, ರಾಮಯ್ಯನವರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ. ಅವರ ಹೆಂಡತಿ ಗೌರಮ್ಮನಿಗೂ ನನ್ನ ಗಂಡನಿಗೂ ಮೆಟ್ಟಿಲ ಮೇಲೆ ಯಾವಾಗಲೂ ಒಂದು ಚರ್ಚೆ.

"ನೀವು ಚಿತ್ತ ಅಂತೀರ, ನಾವು ಹಣೆಬರಹ ಅಂತೀವಿ. ಎಲ್ಲಾ ಒಂದೇ ಬಿಡಿ" ಎನ್ನುವರು ಗೌರಮ್ಮ.

"ಒಂದೇ ಅಲ್ಲ ಗೌರಮ್ಮನವ್ರೇ. ಹಣೆಬರಹದ ಹತ್ರ ಜಗಳ ಆಡೋಕಾಗಲ್ಲ. ಚಿತ್ತ ಅಂದ್ರೆ ಆ ಕಡೆ ಒಬ್ಬ ಅಪ್ಪ ಇದಾನೆ. ಬೇಡ್ಕೋಬಹುದು, ಅಳಬಹುದು, ಮುನಿಸ್ಕೊಂಡು ಮಾತು ಬಿಡಬಹುದು" ಎನ್ನುವರು ಇವರು.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಜೆರೂಷಾ ಎರಡನೇ ಕ್ಲಾಸಿನಲ್ಲಿದ್ದಾಗ ಚರ್ಚಿನ ಭಾನುವಾರದ ಶಾಲೆಯಿಂದ ಒಂದು ಚಿತ್ರ ಬರೆದು ತಂದಳು. ಸೂರ್ಯ, ಗುಡ್ಡ, ಒಂದು ನಾಯಿ, ಕೆಳಗೆ ದಪ್ಪ ಅಕ್ಷರದಲ್ಲಿ 'ಎಲ್ಲವೂ ದೇವರ ಚಿತ್ತು'. 'ಚಿತ್ತು ಅಂದ್ರೆ ತಪ್ಪು ಬರೆದಾಗ ಗೀಚಿ ಹೊಡೆದು ಹಾಕ್ತೀವಲ್ಲ, ಅದು ಕಣೇ' ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದ್ರೆ ದೇವ್ರೂ ತಪ್ಪು ಬರೀತಾನಾ ಅಮ್ಮ?' ಎಂದಳು. ನಾನೂ ನನ್ನ ಗಂಡನೂ ಬಿದ್ದು ಬಿದ್ದು ನಕ್ಕೆವು. ಆ ನಗು ಈಗ ನೆನಪಾದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಹೋದ ವರ್ಷ ಆಗಸ್ಟ್‌ನಲ್ಲಿ ಅವಳಿಗೆ ಜ್ವರ ಬಂತು. ಬಿಟಿಎಂ ಲೇಔಟಿನ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದಳು; ಮಕ್ಕಳಿಂದ ಏನೋ ಹತ್ತಿಸಿಕೊಂಡು ಬಂದಿರಬೇಕು ಎಂದುಕೊಂಡೆವು. ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು 'ಮಿಸ್' ಎಂದು ಕರೆದು, ಬಾತ್‌ರೂಮಿಗೆ ಹೋಗಬಹುದಾ ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕೆ. ಅವಳು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫಿಟ್ಸ್ ಬಂತು. ಬಿಳೇಕಹಳ್ಳಿಯ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಜ್ವರ ಮೆದುಳಿಗೆ ಏರಿದೆ ಎಂದರು. ಐಸಿಯು, ವೆಂಟಿಲೇಟರ್, ಮೂಗಿಗೊಂದು ನಳಿಗೆ, ಕತ್ತಿಗೊಂದು ನಳಿಗೆ. ಇಪ್ಪತ್ಮೂರು ವರ್ಷದ ಹುಡುಗಿ.

ನಾಲ್ಕೈದು ದಿನದ ಮೇಲೆ ಒಮ್ಮೆ ಅವಳ ಹೃದಯ ನಿಂತಿತು. ಆಗ ನಾನು ಕೆಳಗೆ ಕ್ಯಾಂಟೀನಿನಲ್ಲಿದ್ದೆ. ಇವರೇ 'ಏನಾದ್ರೂ ತಿನ್ನು ಹೋಗು' ಎಂದು ಬಲವಂತವಾಗಿ ಕಳಿಸಿದ್ದರು. ಮೇಲೆ ಬರುವಷ್ಟರಲ್ಲಿ ಡಾಕ್ಟರುಗಳು ಎದೆ ಒತ್ತಿ, ಇಂಜೆಕ್ಷನ್ ಕೊಟ್ಟು ವಾಪಸ್ ತಂದಿದ್ದರು. ಇವರು ಗೋಡೆಗೆ ಒರಗಿ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. 'ಬದುಕಿದಾಳೆ' ಎಂದಷ್ಟೇ ಹೇಳಿದರು.

ಅಂದು ಸಂಜೆ ಐಸಿಯು ಡಾಕ್ಟರ್ ಕೈಲಾಸ್ ನಮ್ಮಿಬ್ಬರನ್ನು ಕಾರಿಡಾರಿನ ಕುರ್ಚಿಗಳಲ್ಲಿ ಕೂರಿಸಿಕೊಂಡು ಮಾತಾಡಿದರು. ಅವರ ಹಣೆಯಲ್ಲಿ ಬೆಳಗಿನ ವಿಭೂತಿ ಮಾಸಿ ಉಳಿದಿತ್ತು. ತವರಿನ ಕಡೆಯವರು ಎಂದು ನನಗೆ ಒಂಥರಾ ಧೈರ್ಯ ಬಂತು.

"ಮೆದುಳು ತುಂಬಾ ಡ್ಯಾಮೇಜ್ ಆಗಿದೆ ಸಾರ್. ಹಾರ್ಟ್ ಮತ್ತೆ ನಿಲ್ಲಬಹುದು. ಹಾಗಾದ್ರೆ ಮತ್ತೆ ಎದೆ ಒತ್ತಿ ವಾಪಸ್ ತರೋಕೆ ಟ್ರೈ ಮಾಡೋದಾ, ಬೇಡ್ವಾ? ಇದನ್ನ ನೀವು ಹೇಳ್ಬೇಕು" ಎಂದರು.

ಇವರು ತುಂಬ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು:

"ದೇವರ ಚಿತ್ತದಂತೆ ಆಗ್ಲಿ ಡಾಕ್ಟ್ರೇ."

ಡಾಕ್ಟರ್ ಅವರ ಹೆಗಲ ಮೇಲೆ ಕೈಯಿಟ್ಟರು. "ಅರ್ಥ ಆಯ್ತು ಸಾರ್" ಎಂದರು.

ನನಗೂ ಅರ್ಥವಾಗಿತ್ತು. ನೀವು ಮಾಡಬೇಕಾದ್ದೆಲ್ಲ ಮಾಡಿ, ಉಳಿಸುವುದು ಬಿಡುವುದು ದೇವರಿಗೆ ಸೇರಿದ್ದು ಎಂದು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲವಲ್ಲ. ಆ ದಿನಗಳಲ್ಲಿ ಮುಂದೆ ಇಟ್ಟ ಇಂಗ್ಲಿಷ್ ಕಾಗದಕ್ಕೆಲ್ಲ ಓದದೆಯೇ ಸಹಿ ಹಾಕುತ್ತಿದ್ದೆವು, ಅಂದೂ ಹಾಕಿದೆವು.

ಮಾರನೆಯ ದಿನ ಬೆಳಗಾಗುತ್ತಿದ್ದಂತೆ ಜೆರೂಷಾ ಹೋದಳು.

ಹೊಸೂರು ರಸ್ತೆಯ ಸಮಾಧಿ ತೋಟದಲ್ಲಿ ಮಣ್ಣು ಮಾಡಿದೆವು. ನನ್ನ ತವರಿನವರೂ ಬಂದಿದ್ದರು. ಹೂಳುವ ಪದ್ಧತಿ ಅವರಿಗೂ ಇರುವುದರಿಂದ ಅದೊಂದು ವಿಷಯಕ್ಕೆ ಯಾರೂ ಕೊಂಕು ತೆಗೆಯಲಿಲ್ಲ. ಅದಾದ ಮೇಲಿನ ಭಾನುವಾರ ಚರ್ಚಿನಲ್ಲಿ ಅಯ್ಯನವರು ತಮ್ಮ ಪ್ರಸಂಗದಲ್ಲಿ ನನ್ನ ಗಂಡನ ಮಾತನ್ನು ಎತ್ತಿ ಹೇಳಿದರು. ಕಾರಿಡಾರಿನಲ್ಲಿ ನಡೆದದ್ದನ್ನು ನಾನೇ ಅವರಿಗೆ ಹೇಳಿದ್ದೆ. ಒಬ್ಬಳೇ ಮಗಳು ಸಾವಿನ ಬಾಗಿಲಲ್ಲಿರುವಾಗ ದೇವರ ಚಿತ್ತದಂತೆ ಆಗಲಿ ಎಂದರಲ್ಲ, ಅದು ನಂಬಿಕೆ ಎಂದರೆ, ಎಂದರು. ಸಭೆಯೆಲ್ಲ ತಿರುಗಿ ಇವರನ್ನು ನೋಡಿತು. ಇವರು ತಲೆ ತಗ್ಗಿಸಿ ಕೂತಿದ್ದರು. ವಿನಯ ಎಂದುಕೊಂಡೆ.

ನನ್ನ ಮಟ್ಟಿಗೆ ಹೇಳುವುದಾದರೆ ನಾನು ದೇವರ ಜೊತೆ ಮಾತು ಬಿಟ್ಟೆ. ಚರ್ಚಿಗೆ ಹೋಗುತ್ತಿದ್ದೆ, ಕೂರುತ್ತಿದ್ದೆ, ಏಳುತ್ತಿದ್ದೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ತೆರೆದುಕೊಂಡೇ ಇರುತ್ತಿದ್ದೆ. ಮುನಿಸಿಕೊಳ್ಳಬಹುದು ಅಂತ ನನ್ನ ಗಂಡನೇ ಹೇಳಿದ್ದರಲ್ಲ!

ಇನ್ನೊಂದು ಗಮನಿಸಿದೆ. ಇವರ ಚಟ ನಿಂತುಹೋಗಿತ್ತು. 'ನಾಳೆ ರೇಷನ್ ತರ್ತೀನಿ' ಎನ್ನುವರು, ಅಷ್ಟೇ. ಮಾತಿನ ಕೊನೆಯಲ್ಲಿ ಮೆಟ್ಟಿಲೊಂದು ಕಾಣೆಯಾದ ಹಾಗೆ ನಾನು ಎಡವುತ್ತಿದ್ದೆ. ಮೂವತ್ತು ವರ್ಷ ಬೈದುಕೊಂಡ ಆ ಮಾತು ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ದುಃಖಕ್ಕೆ ಮಾತು ಕಡಿಮೆಯಾಗಿದೆ ಎಂದುಕೊಂಡೆ. ಆದರೆ ಬೇರೆಯವರ ಕಷ್ಟಕ್ಕೆ ಹೋಗುವುದನ್ನು ಅವರು ಬಿಡಲಿಲ್ಲ. ಚರ್ಚಿನವರಲ್ಲಿ ಯಾರಿಗೆ ಕಾಯಿಲೆಯಾದರೂ ಹೋಗಿ ಪಕ್ಕದಲ್ಲಿ ಕೂತು ಬರುವರು.

ಈ ಮಾರ್ಚಿನಲ್ಲಿ ಹಾಗೆ ಹೋಗುತ್ತಿದ್ದದ್ದು ಪ್ರಿಯಾಂಕಾಳ ಜೊತೆ ಕೂರಲು. ಅವಳ ಗಂಡ ನಿಂಗರಾಜ ಎಲೆಕ್ಟ್ರಿಷಿಯನ್. ಇಬ್ಬರೂ ಎರಡು ವರ್ಷದ ಹಿಂದೆ ನಮ್ಮ ಚರ್ಚು ಸೇರಿದವರು. ಹೊಟ್ಟೆಯಲ್ಲಿ ಶುರುವಾದ ಸೋಂಕು ರಕ್ತಕ್ಕೆ ಹಬ್ಬಿ ಅವನು ಅದೇ ಆಸ್ಪತ್ರೆಯ ಅದೇ ಐಸಿಯುನಲ್ಲಿ ಮಲಗಿದ್ದ. ನಾನು ಒಂದು ದಿನವೂ ಹೋಗಿರಲಿಲ್ಲ. ಆ ಲಿಫ್ಟಿನ ವಾಸನೆ ನೆನಪಾದರೆ ಮೆಟ್ಟಿದ ಚಪ್ಪಲಿ ಬಿಚ್ಚಿ ಒಳಗೆ ಹೋಗುತ್ತಿದ್ದೆ.

ಆ ಶನಿವಾರ ಬೆಳಿಗ್ಗೆ ಇವರು ಹೊರಡುವಾಗ, "ಇವತ್ತು ಸಂಜೆ ಡಾಕ್ಟ್ರು ಪ್ರಿಯಾಂಕಾ ಹತ್ರ ಮಾತಾಡ್ತಾರಂತೆ. ನಮಗೆ ಕೇಳಿದ್ರಲ್ಲ, ಅದನ್ನೇ" ಎಂದರು. "ಅವ್ಳು ಏನಂತಾಳಂತೆ?" ಎಂದೆ. "ಅಂಕಲ್, ನೀವು ಹೇಳಿದ್ದನ್ನೇ ನಾನೂ ಹೇಳ್ತೀನಿ ಅಂತಾಳೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂದು ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಒಂಬತ್ತನೇ ಕ್ಲಾಸಿನ ಐಶ್ವರ್ಯಳ ತಂದೆ ಎಂದು ಎದುರು ಬಂದು ಕೂತವರು ಡಾಕ್ಟರ್ ಕೈಲಾಸ್. ಅಷ್ಟು ದಿನ ಆ ಹುಡುಗಿಯ ಅಮ್ಮನೇ ಬರುತ್ತಿದ್ದಳು. ಅವರಿಗೂ ನನ್ನ ಗುರುತು ಸಿಕ್ಕಿತು. ಮಗಳ ಕಾಗುಣಿತದ ತಪ್ಪುಗಳ ಬಗ್ಗೆ ನಾನು ಏನೋ ಹೇಳಿದೆ, ಅವರು ಏನೋ ಕೇಳಿಸಿಕೊಂಡರು. ಏಳುವಾಗ ತಡೆಯಲಾರದೆ ಮಾತು ತೆಗೆದರು.

"ಮೇಡಂ, ಹೇಳಬಹುದೋ ಇಲ್ವೋ. ನಿಮ್ಮ ಯಜಮಾನ್ರು ಅವತ್ತು ತಗೊಂಡ ಡಿಸಿಷನ್ ಬಹಳ ದೊಡ್ಡದು. ಎಷ್ಟೋ ತಂದೆತಾಯಿಗಳಿಗೆ ಆ ಧೈರ್ಯ ಬರಲ್ಲ."

"ಯಾವ ಡಿಸಿಷನ್?" ಎಂದೆ.

"ಅದೇ ಮೇಡಂ, ಮತ್ತೆ ಒತ್ತೋದು ಬೇಡ ಅಂದ್ರಲ್ಲ. ದೇವರಿಗೆ ಬಿಟ್ವಿ ಅಂದ್ರಲ್ಲ. ಹಾರ್ಟ್ ನಿಂತಾಗ ನಾವು ಯಾರೂ ಮುಟ್ಟಲಿಲ್ಲ. ಪಾಪ, ನೆಮ್ಮದಿಯಾಗಿ ಹೋದ್ಲು."

ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಂದೆ ಇನ್ನೊಬ್ಬಳು ತಾಯಿ ಸರದಿಗೆ ಕಾಯುತ್ತಿದ್ದಳು. ಡಾಕ್ಟರು ಕೈಮುಗಿದು ಹೋದರು. ಒಳ್ಳೆಯ ಮನುಷ್ಯ, ಅವರದೇನೂ ತಪ್ಪಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ದೇವರಿಗೆ ಬಿಟ್ಟಿದ್ದೀವಿ ಎಂದರೆ ಕೈಬಿಟ್ಟಿದ್ದೀವಿ ಎಂದೇ ಅರ್ಥ. ನನ್ನ ತವರಿನಲ್ಲೂ ಹಾಗೇ ಅನ್ನುತ್ತಿದ್ದರು. ನನಗೆ ಅದು ಗೊತ್ತಿತ್ತು. ಆದರೂ ಅಂದು ಹೊಳೆಯಲಿಲ್ಲ, ಯಾಕೆಂದರೆ ಆ ಹೊತ್ತಿಗೆ ನಾನು ಪೂರ್ತಿ ನನ್ನ ಗಂಡನ ಮನೆಯವಳಾಗಿಬಿಟ್ಟಿದ್ದೆ.

ಅವಳನ್ನು ಯಾರೂ ಮುಟ್ಟಲಿಲ್ಲ. ನಾನು ಹೊರಗೆ ಕುರ್ಚಿಯ ಮೇಲೆ ಕೂತು, ಒಳಗೆ ಅವರೆಲ್ಲ ಬಡಿದಾಡುತ್ತಿದ್ದಾರೆ ಎಂದುಕೊಂಡಿದ್ದಾಗ, ಅವರು ಸುಮ್ಮನೆ ನಿಂತು ನೋಡುತ್ತಿದ್ದರು. ನನ್ನ ಗಂಡನ ಒಂದು ಚಟದ ಮಾತಿನಿಂದ.

ಅಷ್ಟರಲ್ಲಿ ಪ್ರಿಯಾಂಕಾ ನೆನಪಾದಳು. 'ನೀವು ಹೇಳಿದ್ದನ್ನೇ ನಾನೂ ಹೇಳ್ತೀನಿ.'

ಸಭೆ ಮುಗಿಯುವವರೆಗೂ ಹೇಗೆ ಕೂತಿದ್ದೆನೋ. ಫೋನಿನಲ್ಲಿ ಹೇಳುವ ಮಾತಲ್ಲ ಅದು; ಹೊರಗೆ ಬಂದವಳೇ ಆಟೋ ಹತ್ತಿದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತಲ್ಲೇ ನಿಂತಿತ್ತು, ನನ್ನ ತಲೆ ಮಾತ್ರ ಓಡುತ್ತಿತ್ತು. ಪ್ರಿಯಾಂಕಾಗೆ ಹೇಳಬೇಕು. ಹೇಳಿದರೆ ಅಲ್ಲೇ ಪಕ್ಕದಲ್ಲಿ ಕೂತಿರುವ ಇವರಿಗೂ ಗೊತ್ತಾಗುತ್ತದೆ. ಮಗಳನ್ನು ದೇವರು ಕರೆದುಕೊಂಡ, ಮನುಷ್ಯರ ಕೈ ಅದರಲ್ಲಿ ಇರಲಿಲ್ಲ ಎನ್ನುವುದೊಂದೇ ಇವರಿಗೆ ಉಳಿದಿರುವ ಆಸರೆ. ಅದನ್ನು ನಾನೇ ಕಿತ್ತುಹಾಕಬೇಕು. ಕಿತ್ತುಹಾಕಿದರೆ ಈ ಮನುಷ್ಯ ಉಳಿಯುತ್ತಾರಾ ಎಂದು ಹೆದರಿಕೆಯಾಯಿತು. ಅದೇ ಹೊತ್ತಿಗೆ, ಸುಳ್ಳು ಯಾಕೆ ಹೇಳಲಿ, ಒಂದು ಸಲ ಇವರಿಗೆ ನೋಯಲಿ ಎಂದೂ ಅನ್ನಿಸುತ್ತಿತ್ತು.

ಐಸಿಯು ಹೊರಗಿನ ಅದೇ ಉಕ್ಕಿನ ಕುರ್ಚಿಗಳು. ಪ್ರಿಯಾಂಕಾ ದುಪಟ್ಟಾದ ತುದಿ ಹಿಂಡುತ್ತಾ ಕೂತಿದ್ದಳು. ಇವರು ನನ್ನನ್ನು ನೋಡಿ ಎದ್ದು ನಿಂತರು. ನಾನು ಕುಶಲ ಕೇಳಲಿಲ್ಲ, ಕೂರಲೂ ಇಲ್ಲ.

"ಪ್ರಿಯಾಂಕಾ, ಡಾಕ್ಟ್ರು ಬಂದ್ರಾ?"

"ಇನ್ನೂ ಇಲ್ಲ ಆಂಟಿ. ಈಗ ಬರ್ತಾರಂತೆ."

"ನೋಡಮ್ಮ, ಅವರು ಕೇಳಿದಾಗ ದೇವರ ಚಿತ್ತ ಗಿತ್ತ ಅನ್ಬೇಡ. ಬೇಕು ಅಂದ್ರೆ ಬೇಕು ಅನ್ನು, ಬೇಡ ಅಂದ್ರೆ ಬೇಡ ಅನ್ನು. ಚಿತ್ತ ಅಂದ್ರೆ ಅವ್ರಿಗೆ ಬೇಡ ಅಂತ ಅರ್ಥ ಆಗುತ್ತೆ. ನಮ್ಮ ಜೆರೂಗೂ ಹಾಗೇ ಆಗಿದ್ದು. ಅವಳನ್ನ ಯಾರೂ ಮುಟ್ಟಲಿಲ್ಲ."

ಹೇಳಿ ಮುಗಿಸಿ ಇವರ ಮುಖ ನೋಡಿದೆ. ಕುಸಿಯುತ್ತಾರೆ ಎಂದುಕೊಂಡಿದ್ದೆ. ಅವರು ಕುಸಿಯಲಿಲ್ಲ. ಎಷ್ಟೋ ದಿನದಿಂದ ಹೊತ್ತ ಮೂಟೆಯನ್ನು ಬೇರೆ ಯಾರೋ ಹಿಡಿದುಕೊಂಡ ಹಾಗೆ ಒಂದು ಉಸಿರು ಬಿಟ್ಟರು. ಆಗ ನನಗೆ ಗೊತ್ತಾಯಿತು.

"ನಿಮಗೆ ಗೊತ್ತಿತ್ತು" ಎಂದೆ.

"ಗೊತ್ತಿತ್ತು."

"ಯಾವಾಗಿಂದ?"

"ಆಗ್ಲೇ. ಅರ್ಥ ಆಯ್ತು ಸಾರ್ ಅಂದಾಗ ಅವ್ರ ಮುಖ ನೋಡ್ದೆ. ಅವ್ರಿಗೆ ಬೇರೆ ಅರ್ಥ ಆಗಿತ್ತು. ತಿದ್ದಬಹುದಿತ್ತು, ಮಂಗಳ. ತಿದ್ದಲಿಲ್ಲ."

ನಾನು ಅವರ ತೋಳು ಹಿಡಿದು ಕಾರಿಡಾರಿನ ತುದಿಗೆ ಎಳೆದುಕೊಂಡು ಹೋದೆ. ಹೊಡೆದುಬಿಡುತ್ತೇನೋ ಎಂದು ನನಗೇ ಭಯವಾಗಿತ್ತು.

"ನನ್ನ ಒಂದು ಮಾತು ಕೇಳಬೇಕಿತ್ತು. ನಾನು ಹೆತ್ತವಳು."

"ಕೇಳಿದ್ರೆ ನೀನೂ ಹೊರಬೇಕಾಗ್ತಿತ್ತು."

"ಹೊರ್ತಿದ್ದೆ! ಹೊರಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಅವರು ಕಿಟಕಿಯ ಕಂಬಿ ಹಿಡಿದುಕೊಂಡರು. ಕೆಳಗೆ ಹಾರ್ನ್‌ಗಳ ಗದ್ದಲ. "ಮೊದಲನೇ ಸಲ ಅವಳ ಎದೆ ಒತ್ತಿದಾಗ ನೀನು ಕ್ಯಾಂಟೀನಿಗೆ ಹೋಗಿದ್ದೆ. ನಾನು ಗಾಜಿನಿಂದ ನೋಡ್ದೆ. ಇನ್ನೊಂದ್ಸಲ ಅದಾಗೋದು ಬೇಡ ಅನ್ನಿಸ್ತು. ಆದ್ರೆ ಅಪ್ಪ ಆಗಿ 'ಬೇಡ' ಅನ್ನೋಕೆ ಬಾಯಿ ಬರ್ಲಿಲ್ಲ. ನೋಡಿದ ಮೇಲೆ 'ಬೇಕು' ಅನ್ನೋಕೂ ಬರ್ಲಿಲ್ಲ. ಅದಕ್ಕೆ ದೇವ್ರ ಹೆಸರು ಮುಂದೆ ಮಾಡ್ದೆ."

ಕಂಬಿ ಬಿಡದೆಯೇ ಮುಂದುವರಿಸಿದರು. "ಇಷ್ಟು ದಿನ ಒಂದೇ ಯೋಚನೆ. ನಾನು ಹಾಗೆ ಅವನ ಹಿಂದೆ ಅಡಗಿಕೊಂಡದ್ದು ಅವನ ಚಿತ್ತದ ಒಳಗಿತ್ತಾ, ಹೊರಗಿತ್ತಾ? ಒಳಗಿತ್ತು ಅಂದ್ರೆ ನಾನು ಸುಲಭವಾಗಿ ತಪ್ಪಿಸ್ಕೊಂಡ ಹಾಗಾಯ್ತು. ಹೊರಗಿತ್ತು ಅಂದ್ರೆ ಅವನ ಕೈ ಮೀರಿದ್ದೂ ಒಂದಿದೆ ಅಂತಾಗುತ್ತೆ. ಎರಡೂ ಗಂಟಲಲ್ಲಿ ಇಳೀತಿಲ್ಲ."

"ಅದಕ್ಕೇ ಆ ಮಾತು ಬಿಟ್ರಾ?"

"ಯಾವ ಬಾಯಲ್ಲಿ ಅನ್ಲಿ?" ಎಂದರು. "ಈ ಹುಡುಗಿಗೆ ಹೇಳ್ಬೇಕು ಅಂತಲೇ ದಿನಾ ಬರ್ತಿದೀನಿ. ಬಾಯಿ ತೆರೆದ್ರೆ ಅಯ್ಯನವ್ರ ಪ್ರಸಂಗ ನೆನಪಾಗುತ್ತೆ. ಹಾಗೇ ಎದ್ದು ಬರ್ತೀನಿ."

ಡಾಕ್ಟರ್ ಕೈಲಾಸ್ ಐಸಿಯು ಬಾಗಿಲು ತಳ್ಳಿಕೊಂಡು ಬಂದರು. ನಮ್ಮಿಬ್ಬರನ್ನೂ ನೋಡಿ ತಲೆಬಾಗಿ, ಪ್ರಿಯಾಂಕಾಳ ಎದುರು ಕುರ್ಚಿ ಎಳೆದುಕೊಂಡರು. ಅದೇ ಪ್ರಶ್ನೆ, ಅದೇ ಮೆಲ್ಲಗಿನ ದನಿ. ಉಳಿಯುವ ಭರವಸೆ ತೀರಾ ಕಡಿಮೆ, ಪಕ್ಕೆಲುಬು ಮುರಿಯಬಹುದು ಎಂದೂ ಬಿಡಿಸಿ ಹೇಳಿದರು. ಪ್ರಿಯಾಂಕಾ 'ದೇವರ...' ಎಂದು ಶುರುಮಾಡಿ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ಇವರನ್ನು ನೋಡಿದಳು.

ನನ್ನ ಗಂಡ ಅವಳ ಮುಂದೆ ಹೋಗಿ ಮೊಣಕಾಲೂರಿ ಕೂತರು. "ಏನು ಬೇಕೋ ಅದನ್ನ ಬಾಯಿಬಿಟ್ಟು ಹೇಳಮ್ಮ. ಬೇಕು ಅಂದ್ರೂ ತಪ್ಪಲ್ಲ, ಬೇಡ ಅಂದ್ರೂ ತಪ್ಪಲ್ಲ. ಹೇಳಿದ್ಮೇಲೆ ಅವನ ಚಿತ್ತ ಅನ್ನು. ಹೇಳದೇ ಇರೋಕೆ ಅದನ್ನ ಅನ್ಬೇಡ. ನಾನು ಹಾಗೆ ಅಂದವನು" ಎಂದರು. ಡಾಕ್ಟರ್ ಕೈಲಾಸ್ ಕತ್ತೆತ್ತಿ ಇವರನ್ನೇ ನೋಡಿದರು.

"ಬೇಕು ಸಾರ್" ಎಂದಳು ಪ್ರಿಯಾಂಕಾ. "ಏನೇನು ಮಾಡೋಕಾಗುತ್ತೋ ಎಲ್ಲಾ ಮಾಡಿ. ಒತ್ತಿ. ಬಿಡ್ಬೇಡಿ."

ನಾವು ಮನೆಗೆ ಹೋಗಲಿಲ್ಲ. ಅವಳ ಅತ್ತೆ ಊರಿಂದ ಬರುವವರೆಗೆ ಇರೋಣ ಎಂದು ಕೂತೆವು. ಇವರು ಒಂದು ತುದಿಯಲ್ಲಿ, ನಾನು ಒಂದು ತುದಿಯಲ್ಲಿ, ನಡುವೆ ಆ ಹುಡುಗಿ. ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ಒಳಗೆ ಓಡಾಟ ಶುರುವಾಯಿತು. ನರ್ಸೊಬ್ಬಳು ಗಾಡಿ ತಳ್ಳಿಕೊಂಡು ಓಡಿದಳು. ಪ್ರಿಯಾಂಕಾ ನೆಲಕ್ಕೆ ಜಾರಿ, ಗೋಡೆಗೆ ಬೆನ್ನು ಕೊಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಬಾಗಿಲಿನ ಗಾಜಿನ ಹಿಂದೆ ಪರದೆ ಅರ್ಧ ಮಾತ್ರ ಎಳೆದಿತ್ತು. ನಾನು ಎದ್ದೆ.

"ನೋಡ್ಬೇಡ ಮಂಗಳ" ಎಂದರು ಇವರು.

ನೋಡಿದೆ. ಒಬ್ಬ ಹುಡುಗ ಸ್ಟೂಲಿನ ಮೇಲೆ ನಿಂತು, ಎರಡೂ ಕೈ ನೆಟ್ಟಗೆ ಚಾಚಿ, ನಿಂಗರಾಜನ ಎದೆಯನ್ನು ಒತ್ತುತ್ತಿದ್ದ. ಒತ್ತುವುದು ಎಂಬ ಮಾತು ಅದಕ್ಕೆ ಸಾಲದು. ಪ್ರತಿ ಸಲವೂ ಇಡೀ ಮೈ ಮಂಚದ ಮೇಲೆ ಎದ್ದು ಬೀಳುತ್ತಿತ್ತು, ಹೊಟ್ಟೆ ಉಬ್ಬಿ ಇಳಿಯುತ್ತಿತ್ತು. ಅವನು ದಣಿದಾಗ ಇನ್ನೊಬ್ಬ ಹತ್ತಿದ. ಹೊದಿಕೆ ಸರಿದು ನಿಂಗರಾಜನ ಪಾದಗಳು ಹೊರಗೆ ಬಂದಿದ್ದವು. ಅವು ಅತ್ತಿಂದಿತ್ತ, ಇತ್ತಿಂದತ್ತ ಅಲ್ಲಾಡುತ್ತಿದ್ದವು, ಯಾರದೋ ಪಾದಗಳ ಹಾಗೆ. ಗಾಜಿನ ಈಚೆಗೂ ಒಂದು ಸದ್ದು ಕೇಳಿತು. ಆ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಜೆರೂ ಕಾಲಿಗೆ ತೆಳ್ಳಗಿನ ಬೆಳ್ಳಿ ಗೆಜ್ಜೆ ಹಾಕಿಕೊಳ್ಳುತ್ತಿದ್ದಳು. ಚರ್ಚಿನ ಹಿರಿಯ ಹೆಂಗಸರು ಆಕ್ಷೇಪಿಸಿದರೂ ತೆಗೆದಿರಲಿಲ್ಲ, ಆ ವಿಷಯದಲ್ಲಿ ನನ್ನ ಮಗಳೇ. ಆಸ್ಪತ್ರೆಗೆ ಸೇರಿಸುವಾಗಲೂ ಅದು ಕಾಲಲ್ಲೇ ಇತ್ತು. ಈ ಗಾಜಿನ ಹೊರಗೆ ಇದೇ ಜಾಗದಲ್ಲಿ ನಿಂತು ಒಬ್ಬ ಅಪ್ಪ ಆ ಗೆಜ್ಜೆಯ ಕಾಲುಗಳನ್ನು ನೋಡಿದ್ದರು. ನನ್ನನ್ನು ಕೆಳಗೆ ತಿನ್ನಲು ಕಳಿಸಿ, ಒಬ್ಬರೇ ನೋಡಿದ್ದರು. ನನ್ನ ಸಿಟ್ಟು ಹೋಯಿತು ಎಂದು ಹೇಳಲಾರೆ. ನನ್ನನ್ನು ಕೇಳದೆ ಅವರು ಮಾಡಿದ್ದು ತಪ್ಪೇ, ಇವತ್ತಿಗೂ ತಪ್ಪೇ. ಆದರೆ ಆ ಗಾಜಿನ ಮುಂದೆ ನಿಂತು, ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಹುಡುಕಿದೆ. ನನ್ನ ಬಾಯಲ್ಲೂ ಉತ್ತರ ಇರಲಿಲ್ಲ.

ಡಾಕ್ಟರ್ ಕೈಲಾಸ್ ಬಂದು ಹೇಳುವ ಮೊದಲೇ ಪ್ರಿಯಾಂಕಾಗೆ ತಿಳಿದಿತ್ತು. ಅವಳು ನನ್ನ ಸೀರೆಯ ಸೆರಗು ಹಿಡಿದುಕೊಂಡಳು.

"ನಾನು ಸರಿಯಾಗಿ ಹೇಳ್ದೆ ಅಲ್ವಾ ಆಂಟಿ? ಬೇಕು ಅಂತಲೇ ಹೇಳ್ದೆ ಅಲ್ವಾ?"

"ಸರಿಯಾಗಿ ಹೇಳ್ದೆ ಮಗಳೇ" ಎಂದೆ. "ಎಲ್ಲಾ ಸರಿಯಾಗಿ ಹೇಳ್ದೆ."

ಅವಳು ಸ್ಪಷ್ಟವಾಗಿ ಹೇಳಿದಳು, ನಾವು ಹೇಳಲಿಲ್ಲ. ಎರಡೂ ಮನೆಗೆ ಬಂದದ್ದು ಒಂದೇ ಸಾವು. ನಾನೇ ಓಡಿಬಂದು ಅವಳ ಬಾಯಿಂದ 'ಬೇಕು' ಅನ್ನಿಸದಿದ್ದರೆ ನಿಂಗರಾಜ ಆ ಸಂಜೆ ಸುಮ್ಮನೆ ಹೋಗುತ್ತಿದ್ದ. ಅದನ್ನು ನಾನು ಹೊರಬೇಕು. ಯಾರ ಚಿತ್ತದ ಮೇಲೆ ಹಾಕಲಿ?

ಅವಳ ಅತ್ತೆ ಬಂದ ಮೇಲೆ ನಾವು ಕೆಳಗಿಳಿದೆವು. ರಸ್ತೆ ದಾಟಿ ಬಸ್‌ಸ್ಟಾಪಿನಲ್ಲಿ ನಿಂತೆವು. ಧೂಳು, ಹೊಗೆ, ಮೆಟ್ರೋ ಕಂಬಗಳ ಕೆಳಗೆ ಸಾಲುಸಾಲು ಕೆಂಪು ದೀಪ. ಇವರು ಮುದುಕರಾಗಿದ್ದಾರೆ ಎಂದು ನನಗೆ ಅಂದು ಮೊದಲ ಸಲ ಕಂಡಿತು. ಅಂಗಿಯ ಕಾಲರ್ ಕತ್ತಿಗೆ ದೊಡ್ಡದಾಗಿತ್ತು.

"ಅಯ್ಯನವ್ರಿಗೆ ಫೋನ್ ಮಾಡ್ದೆ" ಎಂದರು. "ನಾಳೆ ಆರಾಧನೆ ಮುಗಿದ್ಮೇಲೆ ಮಣ್ಣು. ಬೆಳಿಗ್ಗೆ ನಾನು ಬೇಗ ಎದ್ದು ಅವಳ ಮನೆಗೆ ಹೋಗ್ತೀನಿ..."

ಅಲ್ಲಿಗೆ ನಿಲ್ಲಿಸಿದರು. ಮೂವತ್ತು ವರ್ಷ ಆ ಜಾಗದಲ್ಲಿ ಒಂದು ಮಾತಿರುತ್ತಿತ್ತು. ಈಗ ಬರೀ ಟ್ರಾಫಿಕ್ಕಿನ ಸದ್ದು. ಅವರ ತುಟಿ ಅಲ್ಲಾಡಿದ್ದನ್ನು ನೋಡಿದೆ. ಮಾತು ಬಾಯಿಯವರೆಗೆ ಬಂದು ವಾಪಸ್ ಹೋಯಿತು. ನಾನು ಕಾದೆ. ಬಸ್ಸೊಂದು ಬಂದು ಹೋಯಿತು, ನಮ್ಮದಲ್ಲ.

"ಕರ್ತನ ಚಿತ್ತವಾದ್ರೆ" ಎಂದೆ ನಾನು.

ಮದುವೆಯಾದ ಮೇಲೆ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನಾಲಿಗೆಗೆ ಕಹಿಯಾಗಿತ್ತು. ಅವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಯಾವ ಅರ್ಥದಲ್ಲಿ ಅಂದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.